ಜಾತ್ರೆ ಚಕ್ರಕ್ಕೆ ಬ್ಯಾಟರಿ ಗನ್: ಎರಡು ಸೀಸನ್ ಬಳಸಿದ ಮೇಲೆ

ಗನ್ ಅಂದರೆ ಗಾಬರಿ ಬೇಡ. ಬ್ಯಾಟರಿ ಮೇಲೆ ಓಡುವ ಇಂಪ್ಯಾಕ್ಟ್ ರೆಂಚ್. ಪಂಕ್ಚರ್ ಅಂಗಡಿಯಲ್ಲಿ ಲಾರಿ ಗಾಲಿಯ ನಟ್ಟು ಬಿಚ್ಚಲು ಗಾಳಿ ಪೈಪಿನ ಗನ್ ಇರುತ್ತದಲ್ಲ, ಅದರ ತಮ್ಮ. ನಮ್ಮ ಹುಡುಗರೆಲ್ಲ ಗನ್ ಅಂತಲೇ ಕರೆಯುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ನಮ್ಮದು ಜಾತ್ರೆಗಳಲ್ಲಿ ಜೈಂಟ್ ವೀಲ್ ಹಾಕುವ ಕೆಲಸ. ಅಪ್ಪನ ಕಾಲದಲ್ಲಿ ನಾಲ್ಕು ತೊಟ್ಟಿಲಿನ ಮರದ ರಾಟೆ ಇತ್ತು, ಕೈಯಲ್ಲೇ ತಿರುಗಿಸುತ್ತಿದ್ದರು. ಈಗ ಹನ್ನೆರಡು ತೊಟ್ಟಿಲಿನ ಕಬ್ಬಿಣದ ಚಕ್ರ. ನೆತ್ತಿಗೆ ಹೋದರೆ 40 ಅಡಿ. ದೊಡ್ಡ ಎಕ್ಸಿಬಿಷನ್‌ಗಳಲ್ಲಿ ನೋಡುವ ಚಕ್ರದ ಮುಂದೆ ಇದು ಮಗು. ಆದರೆ ಹಳ್ಳಿ ಜಾತ್ರೆಗೆ, ತಾಲ್ಲೂಕು ಊರಿನ ತೇರಿಗೆ ಇದೇ ಸರಿ. ಒಂದು ಲಾರಿಯಲ್ಲಿ ಹಿಡಿಸುತ್ತದೆ, ಆರು ಜನ ಇದ್ದರೆ ನಿಲ್ಲಿಸಬಹುದು.

ಈಗ ಬೋಲ್ಟಿನ ಲೆಕ್ಕ ಕೇಳಿ. ಇದು ಗೊತ್ತಾಗದೆ ಈ ಸಾಮಾನಿನ ಬೆಲೆ ಗೊತ್ತಾಗಲ್ಲ. ನಡುವಿನ ಶಾಫ್ಟಿನ ಎರಡೂ ಬದಿಗೆ ಹನ್ನೆರಡು ಹನ್ನೆರಡು ಆರ್ಮು, ಸೈಕಲ್ ಗಾಲಿಯ ಕಡ್ಡಿ ಇದ್ದ ಹಾಗೆ. ಒಂದೊಂದು ಆರ್ಮಿಗೆ ಬುಡದಲ್ಲಿ ಎರಡು, ತುದಿಯಲ್ಲಿ ಎರಡು ಬೋಲ್ಟು. ಅಲ್ಲಿಗೆ 96. ಸುತ್ತಿನ ರಿಂಗು 24 ತುಂಡು, ಅದಕ್ಕೊಂದು 96. ಕಂಬ, ಕೆಳಗಿನ ಚೌಕಟ್ಟು, ಮೋಟಾರ್ ಸ್ಟ್ಯಾಂಡು ಎಲ್ಲ ಸೇರಿ 68. ಒಟ್ಟು 260. ತೊಟ್ಟಿಲು ನೇತುಹಾಕುವ ಪಿನ್ನು, ಸ್ಪ್ಲಿಟ್ ಪಿನ್ನು ಇದರಲ್ಲಿ ಬಂದಿಲ್ಲ. ಅವು ಕೈ ಕೆಲಸ, ಗನ್ನಿಗೆ ಸಂಬಂಧ ಇಲ್ಲ.

ದಸರಾಗೆ ಶುರುವಾದರೆ ಮೇ ತನಕ ನಮ್ಮ ಸೀಸನ್. ವರ್ಷಕ್ಕೆ ಹನ್ನೊಂದು ಜಾಗ ಹಾಕುತ್ತೇವೆ. ಹಾಕಲು 260, ಕೀಳಲು 260. ಎರಡು ಸೀಸನ್‌ಗೆ ಹನ್ನೊಂದು ಸಾವಿರದ ಮೇಲೆ ಬೋಲ್ಟು ಈ ಗನ್ ನೋಡಿದೆ. ಹಾಗಾಗಿ ಡಬ್ಬ ಬಿಚ್ಚಿದ ದಿನವೇ ಐದು ಸ್ಟಾರ್ ಕೊಡುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ನನ್ನದು ಐದಕ್ಕೆ ನಾಲ್ಕು. ಆ ಒಂದು ಎಲ್ಲಿ ಹೋಯಿತು ಅಂತ ಮುಂದೆ ಹೇಳುತ್ತೇನೆ.

ಜನರಿಗೆ ಚಕ್ರ ತಿರುಗುವುದಷ್ಟೇ ಕಾಣುತ್ತದೆ. ನಮಗೆ ನಿಜವಾದ ಕಷ್ಟ ಕೊನೆಯ ರಾತ್ರಿ. ಜನ ಕರಗುವ ಹೊತ್ತಿಗೆ ಒಂದು ಗಂಟೆ. ಟಿಕೆಟ್ ದುಡ್ಡು ಎಣಿಸಿ, ಲೈಟಿನ ಸರ ಬಿಚ್ಚಿ, ತೊಟ್ಟಿಲು ಇಳಿಸಿ, ಆಮೇಲೆ ಕಬ್ಬಿಣಕ್ಕೆ ಕೈ. ಬೆಳಗಾಗುವ ಹೊತ್ತಿಗೆ ಲಾರಿ ಹೊರಡಬೇಕು. ಯಾಕೆ ಅಂದರೆ ಜಾತ್ರೆಗಳು ನಮ್ಮ ಅನುಕೂಲ ನೋಡಿಕೊಂಡು ಬರಲ್ಲ. ಬಾದಾಮಿ ಬನಶಂಕರಿಯ ತೇರು ಬನದ ಹುಣ್ಣಿಮೆಗೆ. ಕೊಪ್ಪಳ ಗವಿಮಠದ ತೇರು ಅದಾಗಿ ಎರಡೇ ದಿನಕ್ಕೆ. 2025ರಲ್ಲಿ ಇದು ಜನವರಿ 13, ಅದು 15. ಎರಡು ಚಕ್ರ ಇದ್ದವರು ಎರಡು ಕಡೆ ಹಾಕುತ್ತಾರೆ. ಒಂದೇ ಇದ್ದವರು ಒಂದನ್ನು ಬಿಡಬೇಕು. ನಾನು ಬನಶಂಕರಿಯವನು. ಅಲ್ಲಿ ತೇರು ಮುಗಿದರೂ ಜಾತ್ರೆ ವಾರಗಟ್ಟಲೆ ನಡೆಯುತ್ತದೆ, ನಾಟಕ ಕಂಪನಿಗಳು ಬೀಡು ಬಿಟ್ಟಿರುತ್ತವೆ. ನಾಟಕ ಬಿಟ್ಟ ಮೇಲೂ ಜನ ತೊಟ್ಟಿಲು ಹತ್ತುತ್ತಾರೆ.

ಕೈ ಪಾನಾದಲ್ಲಿ ನಮಗೆ ಕೀಳಲು ಆರರಿಂದ ಏಳು ತಾಸು ಹಿಡಿಯುತ್ತಿತ್ತು. ಧೂಳು, ಮಂಜು, ತುಕ್ಕು ಸೇರಿ ಕಚ್ಚಿಕೊಂಡ ನಟ್ಟಿಗೆ ಪಾನಾದ ಹಿಂದೆ ಉದ್ದ ಪೈಪು ತೂರಿಸಿ ಇಬ್ಬರು ಜೋತು ಬೀಳಬೇಕು. ಫಟ್ ಅಂತ ಬಿಟ್ಟಾಗ ಗೆಣ್ಣು ಹೋಗಿ ಕಬ್ಬಿಣಕ್ಕೆ ಬಡಿಯುತ್ತದೆ. ನನ್ನ ಬಲಗೈ ನಡುಬೆರಳಿನ ಗೆಣ್ಣು ಇವತ್ತಿಗೂ ಸರಿಯಾಗಿ ಮಡಚಲ್ಲ. ಈ ಗನ್ ಬಂದ ಮೇಲೆ ಕೀಳುವುದು ನಾಲ್ಕು ತಾಸಿಗೆ ಇಳಿದಿದೆ. ಉಳಿದ ಎರಡು ಮೂರು ತಾಸು ನಿದ್ದೆ. ಡ್ರೈವರ್‌ಗೂ ನಿದ್ದೆ, ಅದನ್ನು ಮರೆಯಬೇಡಿ. ನಾನು ದುಡ್ಡು ಕೊಟ್ಟಿದ್ದು ಇದಕ್ಕೆ.

ಇದು ನನ್ನ ಎರಡನೇ ಗನ್. ಮೊದಲನೆಯದನ್ನು ಮೊಬೈಲ್‌ನಲ್ಲಿ ನೋಡಿ 3,800ಕ್ಕೆ ತರಿಸಿದ್ದೆ. ಮೈಮೇಲೆ ದೊಡ್ಡದಾಗಿ "128 ವಿಎಫ್" ಅಂತ ಬರೆದಿತ್ತು. ನಾನು 128 ವೋಲ್ಟು ಅಂದುಕೊಂಡೆ. ಜನರೇಟರ್ ನೋಡಿಕೊಳ್ಳುವ ಹುಡುಗ ಐಟಿಐ ಓದಿದವನು. ಬ್ಯಾಟರಿ ಬಿಚ್ಚಿ ತೋರಿಸಿದ: "ಅಣ್ಣಾ, ಒಳಗೆ ಐದು ಸೆಲ್ ಅದಾವು ನೋಡ್ರಿ. ಒಂದಕ್ಕ 3.6 ಅಂದ್ರ 18 ವೋಲ್ಟು. ಉಳಿದದ್ದು ಸ್ಟಿಕ್ಕರ್." ಪೂರ್ತಿ ಚಾರ್ಜ್ ಆದಾಗ ಒಂದು ಸೆಲ್ಲು 4.2 ತೋರಿಸುತ್ತದೆ. ಅದಕ್ಕೇ ಒಬ್ಬ 18 ಅಂತ ಬರೆಯುತ್ತಾನೆ, ಇನ್ನೊಬ್ಬ 20, ಮತ್ತೊಬ್ಬ 21. ಮೂರೂ ಒಂದೇ ಐದು ಸೆಲ್ಲು. 48, 88, 128 ಅಂತ ಬರೆದಿದ್ದು ಕಂಡರೆ ಮುಂದಕ್ಕೆ ನಡೆಯಿರಿ.

ಆ ಗನ್ನು 2024ರ ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ತೀರಿಕೊಂಡಿತು. ಮಾರ್ಚ್ 19ರಿಂದ 27. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಅಮ್ಮ ಬಿಡ್ಕಿಬೈಲಿನ ಗದ್ದುಗೆ ಮೇಲೆ ಕೂತಷ್ಟು ದಿನ ಊರು ಮಲಗಲ್ಲ. ಹಾಕುವಾಗ ಹೇಗೋ ನಡೆಯಿತು. ಕೀಳುವ ರಾತ್ರಿ ಕಂಬದ ಬೋಲ್ಟಿಗೆ ಇಟ್ಟರೆ ಬರೀ ಟಕ ಟಕ ಸದ್ದು, ನಟ್ಟು ಕದಲಲಿಲ್ಲ. ಹತ್ತು ನಿಮಿಷಕ್ಕೆ ಹೊಗೆ. ಮತ್ತೆ ಪಾನಾ, ಮತ್ತೆ ಪೈಪು. ಬೆಳಗಿನ ಏಳಕ್ಕೂ ಎರಡು ಆರ್ಮು ಇನ್ನೂ ನೇತಾಡುತ್ತಿದ್ದವು.

ಈಗಿನದನ್ನು ಅಂಗಡಿಗೇ ಹೋಗಿ, ಕೈಯಲ್ಲಿ ಹಿಡಿದು ನೋಡಿ ತಂದೆ. ಸಾಕೆಟ್ (ನಟ್ಟಿನ ಮೇಲೆ ಕೂರುವ ಬಟ್ಟಲು) ಸಿಗಿಸಲು ಅರ್ಧ ಇಂಚಿನ ಚೌಕ, ಬ್ರಷ್‌ಲೆಸ್ ಮೋಟಾರು, ಎರಡು 4 ಆಂಪಿಯರ್ ಅವರ್ ಬ್ಯಾಟರಿ, ಚಾರ್ಜರ್ ಸೇರಿ 18,500. ಕಂಪನಿ ಹೆಸರು ಬರೆಯಲ್ಲ. ಹೊಗಳಿದರೆ ಕಮಿಷನ್ ತಿಂದಿದ್ದಾನೆ ಅಂತೀರಿ. ಸರ್ವಿಸ್ ಬಗ್ಗೆ ಬಯ್ಯುವುದೂ ಇದೆ, ಅದು ನನಗೂ ಅವರಿಗೂ ಇರುವ ಜಗಳ. ಈ ಬೆಲೆಯಲ್ಲಿ ಸಿಗುವ ನಾಲ್ಕೈದು ಕಂಪನಿಯ ಗನ್ನುಗಳ ಗುಣ ಹೆಚ್ಚುಕಡಿಮೆ ಒಂದೇ. ಪಕ್ಕದಲ್ಲಿ ಕೊಲಂಬಸ್, ಅಂದರೆ ತೂಗುವ ಹಡಗು, ಹಾಕುವವರ ಹತ್ತಿರ ಬೇರೆ ಕಂಪನಿಯದಿದೆ. ಎರಡನ್ನೂ ಹಿಡಿದು ನೋಡಿದ್ದೇನೆ.

ಕೀಳುವ ಕೆಲಸಕ್ಕೆ ನೂರಕ್ಕೆ ನೂರು. ಒಳಗೊಂದು ಸುತ್ತಿಗೆ ತಿರುಗುತ್ತಾ ಬಡಿಯುತ್ತದೆ, ಆ ಬಡಿತಕ್ಕೆ ತುಕ್ಕು ಬಿಡುತ್ತದೆ. ಎಷ್ಟೇ ಜೋರಾಗಿ ಬಡಿದರೂ ಮಣಿಕಟ್ಟು ತಿರುಚಲ್ಲ, ಇದೊಂದು ದೊಡ್ಡ ಪುಣ್ಯ. ರಿವರ್ಸ್‌ನಲ್ಲಿ ಇನ್ನೊಂದು ಅನುಕೂಲ ಇದೆ: ನಟ್ಟು ಸಡಿಲ ಆದ ಕೂಡಲೇ ತಾನೇ ನಿಲ್ಲುತ್ತದೆ. ಅಂಗಡಿಯವನು ಹೇಳಿದಾಗ ಇದೆಲ್ಲ ಯಾಕೆ ಅಂದುಕೊಂಡಿದ್ದೆ. 30 ಅಡಿ ಮೇಲೆ, ಕತ್ತಲಲ್ಲಿ, ಒಂದು ಕೈಯಲ್ಲಿ ಕಂಬ ಹಿಡಿದು ಬಿಚ್ಚುವಾಗ ಗೊತ್ತಾಯಿತು. ಇಲ್ಲದಿದ್ದರೆ ನಟ್ಟು ಸಿಡಿದು ಕೆಳಗಿದ್ದವನ ತಲೆ ಮೇಲೆ. ಮುಂದಿರುವ ಸಣ್ಣ ಲೈಟೂ ಕೆಲಸಕ್ಕೆ ಬರುತ್ತದೆ. ಆ ಹೊತ್ತಿಗೆ ನಮ್ಮ ಲೈಟೆಲ್ಲ ಬಿಚ್ಚಿ ಮೂಟೆ ಕಟ್ಟಿರುತ್ತೇವಲ್ಲ.

ಇನ್ನು ಹಾಕುವ ಕೆಲಸ. ಆ ಒಂದು ಸ್ಟಾರ್ ಹೋಗಿದ್ದು ಇಲ್ಲಿ. ಗನ್ನಿನ ತಪ್ಪು ಅರ್ಧ, ನಮ್ಮದು ಅರ್ಧ.

ಹೋದ ಸೀಸನ್ನಿನಲ್ಲಿ ಒಂದು ಊರಿಗೆ ಲೇಟಾಗಿ ತಲುಪಿದೆವು. ಮರುದಿನ ಸಂಜೆ ತೇರು, ಅಷ್ಟರೊಳಗೆ ಚಕ್ರ ತಿರುಗಬೇಕು. ಹೊಸದಾಗಿ ಸೇರಿದ ಹುಡುಗ ಗನ್ ಹಿಡಿದಿದ್ದ. ಬೋಲ್ಟು ತೂರಿಸುವುದು, ನಟ್ಟನ್ನು ಸಾಕೆಟ್ಟಿನಲ್ಲೇ ಇಟ್ಟು ಸೀದಾ ಗುಂಡಿ ಒತ್ತುವುದು. ಬರ್ರ್ ಟಕ ಟಕ, ಮುಂದಿನದು. ನೋಡಲು ಚೆಂದ. ನಾನೂ ಶಹಬ್ಬಾಸ್ ಅಂದೆ.

ನಮ್ಮಲ್ಲಿ ಒಬ್ಬರು ಕಾಕಾ ಇದ್ದಾರೆ. ಅಪ್ಪನ ಜೊತೆ ಮರದ ರಾಟೆ ತಿರುಗಿಸಿದವರು. ಎಪ್ಪತ್ತರ ಹತ್ತಿರ ವಯಸ್ಸು, ಮೇಲೆ ಹತ್ತಲ್ಲ. ಚಕ್ರ ನಿಂತ ಮೇಲೆ ಒಂದು ಸಣ್ಣ ಸುತ್ತಿಗೆ ಹಿಡಿದು ಕೆಳಗೆ ಬಂದ ಬೋಲ್ಟುಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟುತ್ತಾರೆ. ನಾವು ಚಕ್ರ ಒಂದೊಂದು ಹೆಜ್ಜೆ ತಿರುಗಿಸಿ ಕೊಡುತ್ತಾ ಹೋಗಬೇಕು. ಟಿಣ್, ಟಿಣ್, ಟಿಣ್. ಏಳನೇ ಆರ್ಮಿಗೆ ಬಂದಾಗ ಸದ್ದು ದಪ್ಪ ಆಯಿತು. ಕಾಕಾ ನಿಂತರು.

"ಇದು ಬ್ಯಾರೇನೇ ಒದರಾಕತ್ತೈತಿ. ತಗೀ ಇದನ್ನ."

"ಟೈಟ್ ಐತ್ರಿ ಕಾಕಾ, ಗನ್ ಹಾಕೀನಿ," ಅಂದ ಹುಡುಗ.

"ಟೈಟ್ ಐತಿ. ಕೂತಿಲ್ಲ."

ತೆಗೆಸಿ ನೋಡಿದರೆ ನಟ್ಟು ಓರೆಯಾಗಿ ಹತ್ತಿ ಮರೆ (ಥ್ರೆಡ್ಡು) ಕಿತ್ತುಹೋಗಿತ್ತು. ಎರಡೂವರೆ ಸುತ್ತಿಗೇ ಸಿಕ್ಕಿಕೊಂಡು ನಿಂತಿದೆ. ಗನ್ನಿಗೆ ಅದು ಬಿಗಿ ಅನಿಸಿದೆ. ಕೈಯಲ್ಲಿ ಹಾಕಿದ್ದರೆ ಮೊದಲ ಸುತ್ತಿಗೇ ಬೆರಳಿಗೆ ತಿಳಿಯುತ್ತಿತ್ತು, ಹಿಂದಕ್ಕೆ ತಿರುಗಿಸಿ ಮತ್ತೆ ಹಾಕುತ್ತಿದ್ದೆವು. ಆ ಹುಡುಗ ಹಾಕಿದ್ದ ಅಷ್ಟೂ ಬೋಲ್ಟು ಬಿಚ್ಚಿಸಿದೆ. ಇನ್ನೂ ಒಂದು ಹಾಗೇ ಸಿಕ್ಕಿತು. ತೇರಿನ ಸಂಜೆ ನಾಲ್ಕಕ್ಕೆ ಶುರು ಮಾಡಬೇಕಿದ್ದ ಚಕ್ರವನ್ನು ಏಳೂವರೆಗೆ ಶುರು ಮಾಡಿದೆವು. ಎದುರಿಗೆ ಬ್ರೇಕ್ ಡ್ಯಾನ್ಸ್ ರೈಡಿಗೆ ಜನ ಮುಗಿಬಿದ್ದಿದ್ದರು. ನಾವು ಟಿಕೆಟ್ ಕೌಂಟರ್ ಪರದೆ ಎಳೆದು ಬೋಲ್ಟು ಬಿಚ್ಚುತ್ತಾ ಕೂತಿದ್ದೆವು. ದುಡ್ಡು ಹೋಗಿದ್ದಕ್ಕೆ ಬೇಜಾರಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ರಾತ್ರಿ ಆ ಏಳನೇ ತೊಟ್ಟಿಲಿನಲ್ಲಿ ಇಬ್ಬರು ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡು ಒಬ್ಬಾಕೆ ಹತ್ತಿದರು. ಅವರು ಇಳಿಯುವ ತನಕ ನನ್ನ ಕೈ ಕ್ಲಚ್ ಬಿಟ್ಟು ಅಲ್ಲಾಡಲಿಲ್ಲ.

ಅವತ್ತಿನಿಂದ ಎಲ್ಲ ನಟ್ಟಿಗೂ ಮೊದಲ ನಾಲ್ಕು ಸುತ್ತು ಬರಿಗೈಯಲ್ಲಿ. ಆಮೇಲೆ ಗನ್, ಅದೂ ಒಂದನೇ ಸ್ಪೀಡಿನಲ್ಲಿ, ನಟ್ಟು ಮೈಗೆ ಅಂಟುವ ತನಕ ಮಾತ್ರ. ಕೊನೆಯ ಬಿಗಿ ಟಾರ್ಕ್ ರೆಂಚಿನಲ್ಲಿ, ಅಂದರೆ ಎಷ್ಟು ಬಿಗಿ ಬೇಕೋ ಅಷ್ಟಾದಾಗ ಸದ್ದು ಮಾಡಿ ತಿಳಿಸುವ ಪಾನಾದಲ್ಲಿ. ಗನ್ನಿನ ಡಬ್ಬದ ಮೇಲೆ 600 ನ್ಯೂಟನ್ ಮೀಟರ್ (ತಿರುಚುವ ಬಲದ ಅಳತೆ) ಅಂತ ಹೆಮ್ಮೆಯಿಂದ ಬರೆದಿದ್ದಾರೆ. ನಮ್ಮ ರಿಂಗಿನ ಬೋಲ್ಟು 16 ಎಂಎಂ, 8.8 ಗ್ರೇಡು. ಅದಕ್ಕೆ ಬೇಕಿರುವುದು 200ರ ಆಸುಪಾಸು. ಕಂಬದ 20 ಎಂಎಂಗೆ 400ರ ಹತ್ತಿರ. ಎಣ್ಣೆ ಹಚ್ಚಿದ್ದರೆ ಇನ್ನೂ ಕಡಿಮೆ. ಮೂರನೇ ಸ್ಪೀಡಿನಲ್ಲಿ ಗುಂಡಿ ಒತ್ತಿ ಹಿಡಿದರೆ 16ರ ಬೋಲ್ಟು ಎಳೆದುಹೋಗುತ್ತದೆ. ಮೇಲೆ ಏನೂ ಕಾಣಲ್ಲ, ಒಳಗೆ ಸೊಂಟ ಸಣ್ಣಗಾಗಿರುತ್ತದೆ. ಜಾಸ್ತಿ ಶಕ್ತಿಯ ಗನ್ ಬೇಕು ಅಂತ ಕೇಳುವವರು ಇದನ್ನು ಯೋಚಿಸಿ. ಕೀಳಲು ಜಾಸ್ತಿ ಬೇಕು, ಹಾಕಲು ಬೇಡ.

ಬಿಗಿದು ಬಿಟ್ಟರೆ ಮುಗಿಯಿತು ಅಂತಲೂ ಇಲ್ಲ. ಮಳೆಗಾಲದಲ್ಲಿ ಚಕ್ರಕ್ಕೆಲ್ಲ ಹೊಸ ಬಣ್ಣ ಹೊಡೆಯುತ್ತೇವೆ. ಬಣ್ಣ ಹೊಡೆಯುವವನು ಜೋಡಣೆಯ ಮುಖಕ್ಕೂ ದಪ್ಪಗೆ ಬಳಿದಿರುತ್ತಾನೆ. ಬೇಡ ಅಂದರೂ ಕೇಳಲ್ಲ, ಕೆಂಪು ಹಳದಿ ಎಲ್ಲ ಕಡೆ ಕಾಣಬೇಕು ಅವನಿಗೆ. ಚಕ್ರ ಒಂದು ರಾತ್ರಿ ತಿರುಗಿದರೆ ಆ ಬಣ್ಣ ನಡುವೆ ಅದುಮಿ ತೆಳ್ಳಗಾಗುತ್ತದೆ, ಬಿಗಿ ಇದ್ದ ಬೋಲ್ಟು ಅಷ್ಟೇ ಸಡಿಲ ಆಗುತ್ತದೆ. ಸೀಸನ್ನಿನ ಮೊದಲ ಎರಡು ಮೂರು ಜಾತ್ರೆಯಲ್ಲಿ ಬೆಳಗ್ಗೆ ಚಹಾ ಕುಡಿದ ಕೂಡಲೇ ನನಗೆ ಟಾರ್ಕ್ ರೆಂಚು, ಇನ್ನೊಬ್ಬನಿಗೆ ಗ್ರೀಸ್ ಗನ್ನು. ಈ ಕೆಲಸಕ್ಕೆ ಬ್ಯಾಟರಿ ಗನ್ ಮುಟ್ಟಿಸಲ್ಲ. ಸಡಿಲ ಎಷ್ಟಾಗಿದೆ ಅಂತ ಅದು ಹೇಳಲ್ಲ, ಸುಮ್ನೆ ಬಡಿದು ಬಿಗಿ ಮಾಡಿಬಿಡುತ್ತದೆ. ಆಮೇಲೆ ಎದುರುಬದುರು ತೊಟ್ಟಿಲಿಗೆ ಮರಳಿನ ಚೀಲ ಇಟ್ಟು ನಾಲ್ಕು ಸುತ್ತು. ಆಮೇಲೆ ಊಟ.

ಸಾಕೆಟ್ ಬಗ್ಗೆ ಒಂದು ಮಾತು. ಗನ್ ಜೊತೆ ಸಾಕೆಟ್ ಬರಲ್ಲ, ಬೇರೆ ತಗೋಬೇಕು. ಮನೆಯಲ್ಲಿರುವ ಫಳಫಳ ಹೊಳೆಯುವ ಸಾಕೆಟ್ ಹಾಕಬೇಡಿ. ಅವು ಕೈ ಪಾನಾಕ್ಕೆ ಮಾಡಿದ್ದು. ಗನ್ನಿನ ಏಟಿಗೆ ಸೀಳಿ ಚೂರು ಹಾರುತ್ತದೆ, ಕಣ್ಣಿಗೆ ಬಿದ್ದರೆ ಮುಗೀತು. ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ಟೇ ಬೇಕು. ನಮಗೆ ಮೂರೇ ಅಳತೆ ಸಾಕು: 16 ಎಂಎಂ ಬೋಲ್ಟಿಗೆ 24ರ ಸಾಕೆಟ್ಟು, 20ರ ಬೋಲ್ಟಿಗೆ 30, ಪಾದದ 24ರ ಬೋಲ್ಟಿಗೆ 36.

ಸಾಕೆಟ್ ಹಿಡಿದಿಡುವ ಒಂದು ಸಣ್ಣ ರಿಂಗು ಗನ್ನಿನ ಮೂತಿಯಲ್ಲಿದೆ. ಒಂದು ಸೀಸನ್ನಿಗೇ ಸವೆಯಿತು. ನಮಗೆ ತಿಳಿಯಲೇ ಇಲ್ಲ. ಒಂದು ಸಂಜೆ ಮೇಲಿಂದ 30ರ ಸಾಕೆಟ್ಟು ಜಾರಿ ಪಕ್ಕದ ಮಿರ್ಚಿ ಬಜ್ಜಿ ಅಂಗಡಿಯ ತಗಡಿನ ಮೇಲೆ ಢಮಾರ್ ಅಂತ ಬಿತ್ತು. ಅಂಗಡಿಯ ಅಕ್ಕ ಜಾರಾ ಹಿಡಿದೇ ಹೊರಗೆ ಬಂದರು. "ಏನೋ ಅಣ್ಣಾ, ನಿನ್ನ ತೊಟ್ಟಲಾ ಉದುರಾಕತ್ತಾವೇನು?" ಅಂದರು. ಸುತ್ತ ಇದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ತಗಡು ಇಲ್ಲದಿದ್ದರೆ ಕೆಳಗೆ ಕುದಿಯುವ ಬಾಣಲೆ ಇತ್ತು. ಈಗ ಗನ್ನಿಗೂ ಹಗ್ಗ, ಸಾಕೆಟ್ಟಿಗೂ ಕೊರಳದಾರ, ಹಿಡಿದವನ ಬೆಲ್ಟಿಗೆ ಗಂಟು. ಕೆಳಗೆ ಜನ ಇದ್ದರೆ ಮೇಲೆ ಕೆಲಸ ಇಲ್ಲ. ಮೊದಲೇ ಹೀಗೆ ಇರಬೇಕಿತ್ತು, ನಮ್ಮ ಸೋಮಾರಿತನ.

ಚಾರ್ಜಿಂಗ್ ವಿಷಯ ಯಾವ ಜಾಹೀರಾತಿನಲ್ಲೂ ಬರಲ್ಲ. ಮನೆಯಲ್ಲಿ ಬಳಸುವವರಿಗೆ ಇದು ತೊಂದರೆಯೇ ಅಲ್ಲ. ಜಾತ್ರೆ ಮೈದಾನದಲ್ಲಿ ನಾವು ಜನರೇಟರ್ ಮೇಲೆ ಇರುತ್ತೇವೆ. ಪಕ್ಕದ ಕೊಲಂಬಸ್ ಹಡಗು ಅದೇ ಜನರೇಟರಿಗೆ ಸೇರಿದ್ದರೆ, ಮೋಟಾರ್ ಶುರುವಾದಾಗ ಎಲ್ಲರ ಬಲ್ಬು ಮಂಕಾಗುತ್ತದೆ, ನಿಂತಾಗ ಒಮ್ಮೆಲೇ ಪ್ರಖರ ಆಗುತ್ತದೆ. ಬಲ್ಬಿಗೆ ಆಟ, ಚಾರ್ಜರಿಗೆ ಪ್ರಾಣಸಂಕಟ. ನನ್ನ ಮೊದಲ ಚಾರ್ಜರ್ ಐದನೇ ಜಾತ್ರೆಯಲ್ಲಿ ಸುಟ್ಟಿತು. ಈಗ ಲಾರಿಯ ಬ್ಯಾಟರಿಗೆ ಒಂದು ಸಣ್ಣ ಇನ್ವರ್ಟರ್ ಹಾಕಿಸಿ, ಓಡುವ ದಾರಿಯಲ್ಲೇ ಚಾರ್ಜ್ ಮಾಡುತ್ತೇವೆ. ಒಂದೂರಿಂದ ಇನ್ನೊಂದೂರಿಗೆ ಮುಟ್ಟುವಷ್ಟರಲ್ಲಿ ಎರಡೂ ತುಂಬಿರುತ್ತವೆ. ಕೀಳುವ ರಾತ್ರಿಗೆ ಎರಡು ಬ್ಯಾಟರಿ ಸರಿಯಾಗಿ ಸಾಕಾಗುತ್ತದೆ. ತುಕ್ಕು ಜಾಸ್ತಿ ಇದ್ದರೆ ಕೊನೆಯ ಮೂವತ್ತು ಬೋಲ್ಟಿಗೆ ಪಾನಾ ತೆಗೆಯಬೇಕಾಗುತ್ತದೆ.

ಗನ್ನು ಧೂಳು ತಡೆದುಕೊಳ್ಳುತ್ತದೆ, ಆದರೆ ನೀವೂ ನೋಡಿಕೊಳ್ಳಬೇಕು. ಬನಶಂಕರಿಯಲ್ಲಿ ಒಂದು ವಾರ ಇದ್ದರೆ ಗಾಳಿ ಜಾಲರಿ ಮುಚ್ಚಿಹೋಗಿರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ ಒಂದನ್ನು ಚೀಲದಲ್ಲಿ ಇಟ್ಟಿದ್ದೇನೆ. ಮಳೆಗೆ ಹಿಡಿದಿಲ್ಲ, ಹಿಡಿಯುವುದೂ ಇಲ್ಲ.

ಸದ್ದು ಜಾಸ್ತಿ. ಮೈದಾನದ ಪಕ್ಕದಲ್ಲೇ ಮನೆ ಇದ್ದರೆ ರಾತ್ರಿ ಎರಡಕ್ಕೆ ಯಾರೋ ಒಬ್ಬರು ಟಾರ್ಚ್ ಹಿಡಿದು ಬಂದೇ ಬರುತ್ತಾರೆ. ಒಂದೂರಿನಲ್ಲಿ ಒಬ್ಬರು ಅಜ್ಜ ಬಂದು ಬಯ್ಯಲು ಶುರು ಮಾಡಿ, ಆಮೇಲೆ ಅಲ್ಲೇ ದಿಮ್ಮಿ ಮೇಲೆ ಕೂತು ಪೂರ್ತಿ ಕೀಳುವ ತನಕ ನೋಡಿದರು. ಕಿವಿಗೆ ಹತ್ತಿಯಾದರೂ ಇಟ್ಟುಕೊಳ್ಳಿ ಅಂತ ಹುಡುಗರಿಗೆ ಹೇಳುತ್ತೇನೆ, ಅವರು ಹಾಡು ಹಾಕಿದ ಇಯರ್‌ಫೋನ್ ಇಟ್ಟುಕೊಳ್ಳುತ್ತಾರೆ. ಅದನ್ನು ಬಿಡಿಸುವುದೇ ನನಗೆ ಈಗ ಇನ್ನೊಂದು ಕೆಲಸ. ಮೇಲಿದ್ದವನಿಗೆ ಕೆಳಗಿನವನ ಕೂಗು ಕೇಳಬೇಕಲ್ವಾ?

ಸರ್ವಿಸ್ ಸೆಂಟರ್ ಬಗ್ಗೆ ಎರಡೇ ಸಾಲು. ಸವೆದ ರಿಂಗು ಹಾಕಲು ಕೊಟ್ಟೆ, 23 ದಿನ ಇಟ್ಟುಕೊಂಡರು, ಪಾರ್ಟ್ ಬಂದಿಲ್ಲ ಅಂತ ವಾಪಸ್ ಕೊಟ್ಟರು. ಪೇಟೆಯ ಟೂಲ್ಸ್ ರಿಪೇರಿ ಅಂಗಡಿಯವನು 60 ರೂಪಾಯಿಗೆ ಹತ್ತು ನಿಮಿಷದಲ್ಲಿ ಹಾಕಿಕೊಟ್ಟ. ಅದೇನೇ ಇರಲಿ, ಕಂಪನಿಗೆ ಕೊಡುವುದಿದ್ದರೆ ಮಳೆಗಾಲದಲ್ಲಿ ಕೊಡಿ, ಸೀಸನ್ ನಡುವೆ ಕೊಡಬೇಡಿ.

ಬರೀ ಮಕ್ಕಳ ಕುದುರೆ ಚಕ್ರ, ಮಿಕ್ಕಿ ಮೌಸ್ ಗಾಳಿ ಗೂಡು ಇಟ್ಟವರಿಗೆ ಇದು ಬೇಡ. ನಲವತ್ತು ಐವತ್ತು ಬೋಲ್ಟಿಗೆ ಒಳ್ಳೆಯ ಪಾನಾ ಸಾಕು, ಆ ದುಡ್ಡಿಗೆ ಎರಡು ತಾಡಪಾಲು ಬರುತ್ತದೆ. ಕೊಲಂಬಸ್, ಬ್ರೇಕ್ ಡ್ಯಾನ್ಸ್, ಜೈಂಟ್ ವೀಲ್ ಇದ್ದವರು ತಗೊಳ್ಳಿ. ಆದರೆ ಗನ್ನಿನ ಬಿಲ್ಲಿನಲ್ಲೇ ಟಾರ್ಕ್ ರೆಂಚೂ ಸೇರಿಸಿ. ನಾನು ಅದನ್ನು ಒಂದು ಸೀಸನ್ ತಡವಾಗಿ, ಆ ಏಳನೇ ಆರ್ಮಿನ ಮರುವಾರ ತಗೊಂಡೆ. 6,200 ಬಿತ್ತು.

ಕಾಕಾಗೆ ಗನ್ ಅಂದರೆ ಈಗಲೂ ಅಷ್ಟಕ್ಕಷ್ಟೇ. ಟಾರ್ಕ್ ರೆಂಚು ಮಾತ್ರ ಹಿಡಿಸಿದೆ. ಬಿಗಿ ಸರಿಯಾದಾಗ ಅದು ಕಟ್ ಅನ್ನುತ್ತದಲ್ಲ, ಆ ಸದ್ದು ಕೇಳಿದ ಮೇಲೂ ಅದೇ ಬೋಲ್ಟನ್ನು ಒಮ್ಮೆ ಸುತ್ತಿಗೆಯಿಂದ ತಟ್ಟಿ ನೋಡುತ್ತಾರೆ. ಇಲ್ಲಿಯವರೆಗೆ ಎರಡೂ ಒಂದೇ ಉತ್ತರ ಕೊಟ್ಟಿವೆ.